ಬಸುರಿಯ ಗುಳಿಗೆ ಕಸಿದವರು

ಮೂರ್ಛೆ ಬ್ಯಾನಿ ಇದ್ದ ಹೆಣ್ಣು ಹಡೆಯಬಾರದು ಎಂದು ತೀರ್ಪು ಕೊಡುವವರಿಗೆ ನಮ್ಮ ಸೀಮೆಯಲ್ಲಿ ಬರ ಇಲ್ಲ. ಮಳೆಗೆ ಬರ ಇದೆ, ಕೂಲಿಗೆ ಬರ ಇದೆ, ತೀರ್ಪಿಗೆ ಇಲ್ಲ. ಅತ್ತೆ ಕೊಡುತ್ತಾಳೆ. ಪಂಚಾಂಗ ಬಿಚ್ಚಿದವನು ಕೊಡುತ್ತಾನೆ. ಬಿಳಿ ಕೋಟಿನವರಲ್ಲೂ ಕೆಲವರು ಕೊಡುತ್ತಾರೆ: 'ಇಂಥಾ ಬ್ಯಾನಿ ಇಟ್ಕೊಂಡು ಯಾಕ ಬಸುರಾದಿ? ತೆಗಿಸಿಬಿಡು.' ಈ ದೇಶದ ಪಾರ್ಲಿಮೆಂಟೂ ಒಮ್ಮೆ ಕೊಟ್ಟಿತ್ತು, ಆ ಕತೆ ಮುಂದೆ ಬರುತ್ತದೆ. ತೀರ್ಪು ಕೊಟ್ಟ ಇಷ್ಟು ಮಂದಿಯಲ್ಲಿ ಒಬ್ಬರೂ ಆಕೆಯನ್ನು ಕರೆದು, 'ತಂಗಿ, ನಿನ್ನ ಗುಳಿಗಿ ಯಾವುದು, ದಿನಾ ನುಂಗಾಕ ಬಿಡ್ತಾರೇನು' ಎಂದು ಕೇಳಿದ್ದಿಲ್ಲ.

ಆದ್ದರಿಂದ ಮೊದಲು ಲೆಕ್ಕ ಹೇಳುತ್ತೇನೆ. ಫಿಟ್ಸ್ ಇರುವ ತಾಯಂದಿರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಯಾವ ಅಂಗದೋಷವೂ ಇಲ್ಲದ ಕೂಸನ್ನೇ ಹಡೆಯುತ್ತಾರೆ. ತಾಯಿಯ ಬ್ಯಾನಿ ಕೂಸಿಗೆ ಬಂದೇ ಬರುತ್ತದೆ ಎಂಬುದೂ ಸುಳ್ಳು. ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಹಾಗೆಂದು ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ದಿನ ತುಂಬುವ ಮೊದಲೇ ಹೆರಿಗೆ, ತೂಕ ಸಾಲದ ಕೂಸು, ಹೆತ್ತ ಮೇಲೆ ನಿಲ್ಲದ ರಕ್ತ, ಇವೆಲ್ಲ ಉಳಿದ ಬಸುರಿಯರಿಗಿಂತ ಇವರಲ್ಲಿ ಹೆಚ್ಚು. ತಾಯಿಯ ಜೀವಕ್ಕೂ ಅಪಾಯ ಹೆಚ್ಚು. ಆದರೆ ಆ ಅಪಾಯದ ದೊಡ್ಡ ಪಾಲು ಆಕೆಯ ಮಿದುಳಿನಿಂದ ಬಂದದ್ದಲ್ಲ. ಮನೆಯವರು, ಮದುವೆಯ ಸಂತೆ, ಸರ್ಕಾರದ ದವಾಖಾನೆ, ಈ ಮೂರೂ ಸೇರಿ ಆಕೆಯ ಕೈಯಿಂದ ಗುಳಿಗೆ ಕಸಿದುಕೊಂಡಿದ್ದರಿಂದ ಬಂದದ್ದು. ಈ ಆರೋಪವನ್ನು ಒಂದೊಂದಾಗಿ ಬಿಡಿಸುತ್ತೇನೆ.

ಮನೆಯಿಂದಲೇ ಶುರು ಮಾಡೋಣ. ಹುಡುಗಿಗೆ ಫಿಟ್ಸ್ ಬಂತು ಅಂದರೆ ನಮ್ಮ ಕಡೆ ಮೊದಲು ಮಾಡುವುದೇನು? ಕೈಯಾಗ ಕಬ್ಬಿಣದ ಕೀಲಿ ಹಿಡಿಸುತ್ತಾರೆ. ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಒಡ್ಡುತ್ತಾರೆ. ಅದೂ ಆಗಲಿಲ್ಲವೆಂದರೆ ಕಾಲಿನ ಚಪ್ಪಲಿ ಬಿಚ್ಚಿ ಮೂಸಿಸುತ್ತಾರೆ. ಇಲ್ಲಿ ಒಂದು ತಮಾಷೆ ನೋಡಿ. ಸಮಗಾರ ಹೊಲಿದ ಚಪ್ಪಲಿ ಗೌಡರ ಮಗಳ ಮೂಗಿನ ತನಕ ಹೋಗಬಹುದು, ಹೊಲಿದ ಸಮಗಾರ ಮಾತ್ರ ಗೌಡರ ಹೊಸ್ತಿಲು ದಾಟುವ ಹಾಗಿಲ್ಲ! ಇರಲಿ. ಎರಡು ಮೂರು ನಿಮಿಷದಲ್ಲಿ ಫಿಟ್ಸ್ ತಾನಾಗಿಯೇ ನಿಲ್ಲುತ್ತದೆ, ಕೀರ್ತಿ ಚಪ್ಪಲಿಗೆ ಹೋಗುತ್ತದೆ. ಆಮೇಲೆ ದೇವರುಷಿ, ತಾಯತ, ಅಮಾಸಿಗೆ ಲಿಂಬಿಹಣ್ಣು. ದವಾಖಾನೆಯ ಸರದಿ ಬರುವುದು ಕಟ್ಟಕಡೆಗೆ.

ಗಂಡು ಹುಡುಗನಿಗೆ ಬಂದರೆ ಅದಕ್ಕೊಂದು ಬೇರೆ ಔಷಧ ಇದೆ. 'ಮದುವಿ ಮಾಡಿಬಿಡ್ರಿ, ಸರಿ ಹೋಗ್ತಾನ.' ಅವನ ಬ್ಯಾನಿಗೆ ಒಬ್ಬ ಹೆಣ್ಣುಮಗಳೇ ಔಷಧ. ಹೆಣ್ಣಿಗೆ ಬಂದರೆ ಮುಚ್ಚಿಡಬೇಕು. ಲಗ್ನದ ಹಿಂದಿನ ರಾತ್ರಿ ಹಡೆದವ್ವ ಮಗಳ ಕಿವಿಯಲ್ಲಿ ಹೇಳುವ ಮಾತು ಇದು: 'ಯವ್ವಾ, ಅಲ್ಲಿ ಬಾಯಿ ಬಿಡಬ್ಯಾಡ. ಗುಳಿಗಿ ಟ್ರಂಕಿನ ತಳಕ್ಕ ಇಟಗೋ. ಯಾರೂ ಇಲ್ಲದಾಗ ನುಂಗು.' ಆ ತಾಯಿಯನ್ನು ನಾನು ಬೈಯುವುದಿಲ್ಲ. ಆಕೆಗೆ ಸಮಾಜ ಗೊತ್ತಿದೆ. ಆದರೆ ಒಂದೇ ಕೋಣೆಯ ಮನೆಯಲ್ಲಿ, ಅತ್ತೆ, ನಾದಿನಿ, ಮೈದುನರ ನಡುವೆ, ಹೊಸ ಸೊಸೆಗೆ 'ಯಾರೂ ಇಲ್ಲದ' ಹೊತ್ತು ಎಲ್ಲಿ ಸಿಗಬೇಕು? ಒಂದು ದಿನ ತಪ್ಪುತ್ತದೆ, ಮೂರು ದಿನ ತಪ್ಪುತ್ತದೆ. ತವರಿನಿಂದ ತಂದ ಚೀಟು ಮುಗಿಯುತ್ತದೆ. ತರಿಸಿಕೊಡು ಎಂದು ಗಂಡನಿಗೆ ಹೇಳುವಂತಿಲ್ಲ. ಅಷ್ಟರಲ್ಲಿ ಬಸುರಾಗುತ್ತಾಳೆ.

ಈ ಹೊತ್ತಿನ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಬೇಕು. ಕೂಸಿನ ಮಿದುಳು ಮತ್ತು ಬೆನ್ನುಹುರಿಯ ನಳಿಗೆ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ 28 ದಿನಗಳಲ್ಲಿ. ಅಂದರೆ ಮುಟ್ಟು ನಿಂತದ್ದು ಹೌದೋ ಅಲ್ಲವೋ ಎಂದು ಹೆಣ್ಣು ಬೆರಳು ಎಣಿಸುವುದರೊಳಗೆ ಆ ಕೆಲಸ ಮುಗಿದಿರುತ್ತದೆ. ಆ ನಳಿಗೆ ಸರಿಯಾಗಿ ಮುಚ್ಚಲು ಫೋಲಿಕ್ ಆಸಿಡ್ ಬೇಕು. ಫಿಟ್ಸಿನ ಕೆಲವು ಗುಳಿಗೆಗಳು ದೇಹದ ಫೋಲಿಕ್ ಆಸಿಡ್ಡನ್ನು ಕಡಿಮೆ ಮಾಡುತ್ತವೆ. ಅದಕ್ಕೇ ಇಂಥ ಹೆಣ್ಣುಮಕ್ಕಳಿಗೆ ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಸಿಡ್ಡನ್ನು ಬಸುರಿಗೆ ಮೊದಲೇ ಶುರು ಮಾಡಬೇಕೆಂದು ನಮ್ಮ ದೇಶದ ತಜ್ಞರು ಹೇಳುತ್ತಾರೆ. ಸರ್ಕಾರ ಬಸುರಿಯರಿಗೆ ಹಂಚುವ ಕೆಂಪು ಗುಳಿಗೆಯಲ್ಲಿ ಕಬ್ಬಿಣದ ಜೊತೆ ಇರುವ ಫೋಲಿಕ್ ಆಸಿಡ್ ಅರ್ಧ ಮಿಲಿಗ್ರಾಂ. ಹತ್ತರಲ್ಲಿ ಒಂದು ಪಾಲು. ಅದೂ ತಾಯಿ ಕಾರ್ಡ್ ಮಾಡಿಸಿದ ಮೇಲೆ, ಎರಡೋ ಮೂರೋ ತಿಂಗಳು ಕಳೆದ ಮೇಲೆ! ಊಟ ಮುಗಿದು ಎಲೆ ಎತ್ತಿದ ಮೇಲೆ ಉಪ್ಪು ತಂದಿಟ್ಟ ಹಾಗೆ.

ಈಗ ಎರಡನ್ನೂ ಕೂಡಿಸಿ ನೋಡಿ. ಕೂಸಿಗೆ ಎಲ್ಲಕ್ಕಿಂತ ಮುಖ್ಯವಾದ ಆ ನಾಲ್ಕು ವಾರಗಳು ಮತ್ತು ಹೆಣ್ಣು ತನ್ನ ಬ್ಯಾನಿಯನ್ನು ಎಲ್ಲರಿಂದ ಮುಚ್ಚಿಡಬೇಕಾದ ಹೊಸ ಮದುವೆಯ ತಿಂಗಳುಗಳು, ಎರಡೂ ಬಹಳ ಸಲ ಒಂದೇ. ನಾಚಿಕೆ ಎಂಬುದು ಬರೀ ಮನಸ್ಸಿನ ನೋವಲ್ಲ ಸ್ವಾಮಿ, ಅದು ಕೂಸಿನ ಬೆನ್ನುಹುರಿಗೇ ಹೋಗಿ ತಟ್ಟುತ್ತದೆ.

ಈ ನಾಚಿಕೆಗೆ ಕಾನೂನಿನ ಮುದ್ರೆ ಒತ್ತಿದವರು ಯಾರು? 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ತಿದ್ದುಪಡಿ ತಂದರು. ಅತ್ತ ಬಡವರನ್ನು ಹಿಡಿದು ಸಂತಾನಹರಣ ಮಾಡುತ್ತಿದ್ದ ಸರ್ಕಾರ, ಇತ್ತ ಐದನೇ ಕಲಮಿನಲ್ಲಿ, ಮದುವೆಗೆ ಸಲ್ಲದವರ ಸಾಲಿನಲ್ಲಿ, ಪದೇ ಪದೇ ಹುಚ್ಚು ಕೆರಳುವವರ ಪಕ್ಕಕ್ಕೇ ಪದೇ ಪದೇ ಮೂರ್ಛೆ ಬರುವವರನ್ನೂ ಕೂರಿಸಿತು. ವಿಶೇಷ ವಿವಾಹ ಕಾಯ್ದೆಯಲ್ಲೂ ಅದೇ ಮಾತು. ಆ ಎರಡು ಪದಗಳನ್ನು ಕಿತ್ತುಹಾಕಿದ್ದು 1999ರಲ್ಲಿ. ಇಪ್ಪತ್ಮೂರು ವರ್ಷ ಈ ದೇಶದ ಕಾನೂನು ಮೂರ್ಛೆಯ ಹೆಣ್ಣಿಗೆ, ನಿನ್ನ ಲಗ್ನ ಮುರಿಯಬಹುದಾದ ಲಗ್ನ ಎಂದು ಹೇಳಿತು. ಕಾನೂನು ಗಂಡಸಿಗೂ ಅದನ್ನೇ ಹೇಳಿತ್ತು, ಆದರೆ ಆ ಕಾರಣಕ್ಕೆ ತವರಿಗೆ ಅಟ್ಟಿಸಿಕೊಂಡವರು ಯಾರೆಂದು ಯಾವ ಊರಿನ ಕಟ್ಟೆಯ ಮೇಲಾದರೂ ಕೇಳಿ ನೋಡಿ. ಪುಸ್ತಕದಿಂದ ಹೋದ ಮಾತು ಬೀಗರ ಬಾಯಿಂದ ಇನ್ನೂ ಹೋಗಿಲ್ಲ. ಟ್ರಂಕಿನ ತಳದಲ್ಲಿ ಗುಳಿಗೆ ಇಂದಿಗೂ ಇದೆ.

ಬಸುರಾದ ಮೇಲೆ ಎರಡನೇ ಕಸಿತ ಶುರುವಾಗುತ್ತದೆ. ವಿಷಯ ಗೊತ್ತಾದ ಮನೆಯಲ್ಲೂ, 'ಬಸುರಾಗ ಗುಳಿಗಿ ಬ್ಯಾಡ, ಕೂಸಿಗೆ ಉಷ್ಣ ಆಗ್ತೈತಿ' ಎಂದು ನಿಲ್ಲಿಸುತ್ತಾರೆ. ಪ್ರೀತಿಯಿಂದಲೇ ನಿಲ್ಲಿಸುತ್ತಾರೆ, ಅದೇ ದುರಂತ. ಗುಳಿಗೆ ತಟ್ಟನೆ ನಿಂತರೆ ಫಿಟ್ಸ್ ಮೊದಲಿಗಿಂತ ಜೋರಾಗಿ, ಒಂದರ ಮೇಲೊಂದು ಬರಬಹುದು. ಕೈಕಾಲು ಸೆಟೆದು ಬರುವ ದೊಡ್ಡ ಫಿಟ್ಸಿನಲ್ಲಿ ತಾಯಿಯ ಉಸಿರು ಕಟ್ಟಿದರೆ ಕೂಸಿಗೂ ಪ್ರಾಣವಾಯು ಕಡಿಮೆಯಾಗುತ್ತದೆ. ಹೊಟ್ಟೆಯ ಮೇಲೆ ಬಿದ್ದರೆ ಗರ್ಭಕ್ಕೆ ಪೆಟ್ಟು. ನಮ್ಮ ಹೆಣ್ಣುಮಕ್ಕಳು ಬೀಳುವುದಾದರೂ ಎಲ್ಲಿ? ನೆಲದ ಮೇಲೆ ಉರಿಯುವ ಒಲೆಯ ಮುಂದೆ. ಬಟ್ಟೆ ಒಗೆಯಲು ಹೋದ ಕಾಲುವೆಯ ದಂಡೆಯಲ್ಲಿ. ಬಬಲೇಶ್ವರದ ಕಡೆ ಏತ ನೀರಾವರಿ ಕಾಲುವೆ ಬಂದು ಹೊಲ ಹಸಿರಾದದ್ದು ಸಂತೋಷವೇ. ಆದರೆ ಆ ದಂಡೆಯ ಮೇಲೆ ಗುಳಿಗೆ ತಪ್ಪಿದ ಬಸುರಿಯೂ ಬಟ್ಟೆ ಒಗೆಯುತ್ತಾಳೆ. ತಿಕೋಟಾದ ದ್ರಾಕ್ಷಿ ಪಡದಲ್ಲಿ ಬಿಸಿಲಿಗೆ ನಿಂತು ಗೊನೆ ಕೊಯ್ಯುವವಳಿಗೆ ಹೊತ್ತಿಗೆ ಊಟವಿಲ್ಲ, ಸಾಕಷ್ಟು ನಿದ್ದೆಯಿಲ್ಲ. ನಿದ್ದೆಗೇಡು ಫಿಟ್ಸನ್ನು ಕರೆದು ತರುತ್ತದೆ. ಆ ತೋಟದಲ್ಲಿ ದಿನಗೂಲಿಗೆ ನಿಂತವರು ಯಾವ ಕೇರಿಯವರು, ಯಾವ ತಾಂಡಾದವರು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಒಂದು ದಿನ ದವಾಖಾನೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು.

ಹಾಗಾದರೆ ಎಲ್ಲ ಗುಳಿಗೆಯೂ ಕೂಸಿಗೆ ಒಳ್ಳೆಯದೇ? ಅಲ್ಲ. ಇಲ್ಲಿ ನಮ್ಮವರ ಹೆದರಿಕೆಯಲ್ಲಿ ಅರ್ಧ ನಿಜ ಇದೆ. ಇನ್ನರ್ಧವನ್ನು ಹೇಳಬೇಕಾದವರು ಹೇಳಿಲ್ಲ. ನಲವತ್ತೆರಡು ದೇಶಗಳ ಏಳು ಸಾವಿರಕ್ಕೂ ಮಿಕ್ಕಿದ ಬಸುರಿಗಳ ಲೆಕ್ಕ ಇಟ್ಟ ಯುರಾಪ್ ಎಂಬ ನೋಂದಣಿಯ ಫಲಿತಾಂಶ 2018ರಲ್ಲಿ ಹೊರಬಂತು. ವಾಲ್ಪ್ರೋಯೇಟ್ ನುಂಗಿದ ತಾಯಂದಿರ ಮಕ್ಕಳಲ್ಲಿ ನೂರಕ್ಕೆ 10.3 ಮಕ್ಕಳಿಗೆ ದೊಡ್ಡ ಅಂಗದೋಷ. ಫಿನೋಬಾರ್ಬಿಟಾಲ್ ಆದರೆ 6.5, ಫೆನಿಟಾಯಿನ್ 6.4, ಕಾರ್ಬಮಝೆಪಿನ್ 5.5. ಲ್ಯಾಮೊಟ್ರಿಜಿನ್ ಆದರೆ 2.9, ಲೆವೆಟಿರಾಸೆಟಮ್ 2.8. ಯಾವ ಬ್ಯಾನಿಯೂ ಇಲ್ಲದ ತಾಯಂದಿರ ಮಕ್ಕಳಲ್ಲೂ ನೂರಕ್ಕೆ ಎರಡು ಮೂರು ಮಕ್ಕಳಿಗೆ ದೋಷ ಇದ್ದೇ ಇರುತ್ತದೆ. ಅಂದರೆ ಸರಿಯಾದ ಗುಳಿಗೆ ಆರಿಸಿಕೊಟ್ಟರೆ ಈಕೆಗೂ ಊರಿನ ಉಳಿದ ತಾಯಂದಿರಿಗೂ ಅಂತರ ಇಷ್ಟೇ ಇಷ್ಟು. ವಾಲ್ಪ್ರೋಯೇಟಿನ ಕೆಡುಕು ಅಂಗದೋಷಕ್ಕೆ ನಿಲ್ಲುವುದೂ ಇಲ್ಲ. ಆ ಮಕ್ಕಳ ಬುದ್ಧಿಯ ಮಟ್ಟ ಆರು ವರ್ಷದ ಹೊತ್ತಿಗೂ ಕಡಿಮೆ ಇರುವುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪ್ರಮಾಣ ಹೆಚ್ಚಿದಷ್ಟೂ ಕೆಡುಕು ಹೆಚ್ಚು.

ಇದನ್ನು ಓದಿದ ಅಕ್ಕ ತಂಗಿಯರು ನಾಳೆ ಬೆಳಿಗ್ಗೆ ತಾವಾಗಿಯೇ ಗುಳಿಗೆ ಬಿಸಾಕಬಾರದು. ಬದಲಿಸಬೇಕಾದದ್ದು ಡಾಕ್ಟರು, ನಿಧಾನವಾಗಿ, ಬಸುರಿಗೆ ಮೊದಲೇ. ನನ್ನ ಸಿಟ್ಟು ಇರುವುದು ಹದಿನಾರು ಹದಿನೇಳರ ಹುಡುಗಿಗೆ, ನಾಳೆ ಈಕೆ ತಾಯಿಯಾಗುವವಳು ಎಂಬ ವಿಚಾರವೇ ಇಲ್ಲದೆ, ಒಂದು ಮಾತು ತಿಳಿಸದೆ, ವಾಲ್ಪ್ರೋಯೇಟ್ ಬರೆದು ಕಳಿಸುವ ಕೈಗಳ ಮೇಲೆ. ಇನ್ನೊಂದು ಅಂಥದೇ ಮಾತು ಇದೆ. ಕಾರ್ಬಮಝೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್ ನುಂಗುವವರಿಗೆ ಮಾಲಾ-ಎನ್ ಗುಳಿಗೆ ಪೂರಾ ಕೆಲಸ ಮಾಡುವುದಿಲ್ಲ. ಪುಕ್ಕಟೆ ಹಂಚುವಾಗ ಇದನ್ನು ಎಷ್ಟು ಮಂದಿಗೆ ಹೇಳಿದ್ದಾರೆ? ಬೇಡವೆಂದಾಗ ನಿಂತ ಬಸುರಿಗೂ ಕೊನೆಗೆ ಬೈಗುಳ ತಿನ್ನುವವಳು ಆಕೆಯೇ.

ಒಂದು ವಿಷಯ ಬಹಳ ಮನೆಗಳಲ್ಲಿ ಗೊತ್ತಿಲ್ಲ. ಬಸುರಿನಲ್ಲಿ ದೇಹವು ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಮ್ ಎರಡನ್ನೂ ಬೇಗ ಬೇಗ ಹೊರಗೆ ಹಾಕುತ್ತದೆ. ಅಷ್ಟೇ ಗುಳಿಗೆ ನುಂಗಿದರೂ ರಕ್ತದಲ್ಲಿ ಮದ್ದು ಇಳಿಯುತ್ತದೆ. 'ಗುಳಿಗಿ ನುಂಗಿದ್ರೂ ಬಂತಲ್ಲ, ಇದು ಗಾಳಿನ' ಎಂದು ಮತ್ತೆ ದೇವರುಷಿಯ ಹತ್ತಿರ ಎಳೆದೊಯ್ಯುತ್ತಾರೆ. ಗಾಳಿಯಲ್ಲ ಮಹಾರಾಯರೇ, ಪ್ರಮಾಣ ಸಾಲದು! ತಿಂಗಳು ತಿಂಗಳು ನೋಡಿ ಏರಿಸಬೇಕು, ಹೆತ್ತ ಕೆಲವೇ ದಿನಗಳಲ್ಲಿ ಮತ್ತೆ ಇಳಿಸಬೇಕು.

ಹೆರಿಗೆಯ ಕೋಣೆಗೆ ಬರೋಣ. ಫಿಟ್ಸ್ ಇದೆ ಎಂಬ ಒಂದೇ ಕಾರಣಕ್ಕೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ಬಹುಪಾಲು ಮಂದಿ ಸಹಜವಾಗಿಯೇ ಹಡೆಯಬಹುದು. ಬ್ಯಾನಿಯ ಹೆಸರು ಹೇಳಿ ಕತ್ತರಿ ಎತ್ತುವವರಿಗೆ ಬಿಲ್ಲಿನ ಮೇಲೆ ಕಣ್ಣು. ಇನ್ನೊಂದು ಕಡೆ, ಐದು ತಿಂಗಳು ದಾಟಿದ ಬಸುರಿಗೆ ಫಿಟ್ಸ್ ಬಂದರೆ ಅದು ಬಸುರಿನ ನಂಜೂ ಇರಬಹುದು, ಎಕ್ಲಾಂಪ್ಸಿಯಾ ಅನ್ನುತ್ತಾರೆ. ನೋಡುವವರ ಕಣ್ಣಿಗೆ ಎರಡೂ ಒಂದೇ. ಮದ್ದು ಬೇರೆ. ನಂಜಿಗೆ ಮೆಗ್ನೀಸಿಯಂ ಸಲ್ಫೇಟೇ ಮೇಲು ಎಂದು 1995ರಲ್ಲಿ ಹಲವು ದೇಶಗಳ ಪರೀಕ್ಷೆಯಿಂದ ಸಿದ್ಧವಾಗಿದೆ. ಮೂರ್ಛೆಗೆ ಮೂರ್ಛೆಯ ಮದ್ದೇ ಬೇಕು. ರಕ್ತದೊತ್ತಡ, ಮೂತ್ರ ನೋಡಿದರೆ ಬಹುತೇಕ ಗೊತ್ತಾಗುತ್ತದೆ. ಗೊತ್ತಾಗುವ ತನಕ ನಂಜೆಂದೇ ತಿಳಿದು ಮದ್ದು ಕೊಡಬೇಕು. ಆದರೆ ರಾತ್ರಿ ಎರಡಕ್ಕೆ ಬಂದ ಹೆಣ್ಣಿನ ತಾಯಿ ಕಾರ್ಡಿನ ಮೇಲೆ ಮೂರ್ಛೆ ಎಂಬ ಮಾತೇ ಇಲ್ಲದಿದ್ದರೆ, ಜೊತೆಗೆ ಬಂದ ಅತ್ತೆಗೆ ವಿಷಯವೇ ಗೊತ್ತಿಲ್ಲದಿದ್ದರೆ, ಡಾಕ್ಟರು ತಾನೇ ಏನು ಮಾಡಬೇಕು?

ಹೆತ್ತ ಮೇಲೆ ಬಾಣಂತಿತನ. ಹೊರಸಿನ ಕೆಳಗೆ ಕೆಂಡ, ಬಾಗಿಲು ಕಿಟಕಿ ಹಾಕಿದ ಕೋಣೆ, ನೆತ್ತಿಯ ಮೇಲೆ ಸುಡುನೀರು. ನೆತ್ತಿಗೆ ಬಿಸಿನೀರು ಸುರಿದಾಗಲೇ ಬರುವ ಒಂದು ಜಾತಿಯ ಮೂರ್ಛೆ ಇದೆ. ಜಗತ್ತಿನಲ್ಲಿ ಅದು ಹೆಚ್ಚಾಗಿ ಕಂಡಿರುವ ನಾಡುಗಳಲ್ಲಿ ನಮ್ಮ ಕರ್ನಾಟಕವೇ ಮೊದಲು. ಮೈಸೂರು, ಬೆಂಗಳೂರಿನ ಕಡೆಯಿಂದ ಅದರ ಬಗ್ಗೆ ಲೇಖನಗಳೇ ಬಂದಿವೆ. ಅಂಥವಳಿಗೆ ಕೊಡಗಟ್ಟಲೆ ಸುಡುನೀರು ಸುರಿಯುವುದು ಎಂಥ ಉಪಚಾರ? ಉಗುರುಬೆಚ್ಚಗಿನ ನೀರು ಸಾಕು. ಕೆಂಡದ ಮೇಲೆ ಫಿಟ್ಸ್ ಬಂದರೆ ಏನಾಗುತ್ತದೆಂದು ಬರೆಯಲು ನನ್ನ ಕೈ ಏಳುವುದಿಲ್ಲ. ಮೊಲೆ ಬಿಡಿಸಿಬಿಡುತ್ತಾರೆ, ಹಾಲಿನಲ್ಲಿ ಗುಳಿಗೆ ಇಳಿದೀತು ಎಂದು. ತಪ್ಪು. ಹೆಚ್ಚಿನ ಗುಳಿಗೆಗಳ ಜೊತೆ ಎದೆಹಾಲು ಕೊಡಬಹುದು, ಕೊಡಬೇಕು. ಫಿನೋಬಾರ್ಬಿಟಾಲ್ ನುಂಗುವ ತಾಯಿಯ ಕೂಸು ಬಹಳ ಮಲಗುತ್ತಿದೆಯೇ, ಚೀಪುವುದು ಕಡಿಮೆ ಮಾಡಿದೆಯೇ ಎಂದು ಮಾತ್ರ ನೋಡುತ್ತಿರಬೇಕು. ಹುಟ್ಟಿದ ಕೂಸಿಗೆ ವಿಟಮಿನ್ ಕೆ ಸೂಜಿ ಎಲ್ಲರಿಗೂ ಬೇಕು, ಈ ಕೂಸಿಗೆ ತಪ್ಪಲೇಬಾರದು. ತಾಯಿ ನೆಲದ ಮೇಲೆ ಚಾಪೆ ಹಾಸಿ ಕುಳಿತು ಹಾಲೂಡಿಸಲಿ, ಒಬ್ಬಳೇ ಕೂಸಿಗೆ ಎರೆಯದಿರಲಿ. ರಾತ್ರಿ ಕೂಸು ಅತ್ತರೆ ಗಂಡಸು ಎದ್ದು ಎತ್ತಿಕೊಳ್ಳಲಿ. ಅವನ ನಿದ್ದೆ ಕೆಟ್ಟರೆ ಫಿಟ್ಸ್ ಬರುವುದಿಲ್ಲ.

ಇದೆಲ್ಲ ಆಗದ ಮಾತು, ಅಮೆರಿಕದ ಮಾತು ಎನ್ನುವವರು ಪಕ್ಕದ ಕೇರಳ ನೋಡಲಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಸಂಜೀವ್ ವಿ. ಥಾಮಸ್ ಮತ್ತು ಸಂಗಡಿಗರು 1998ರಿಂದ ಮೂರ್ಛೆಯ ಹೆಣ್ಣುಮಕ್ಕಳ ಬಸುರಿನ ನೋಂದಣಿ ಇಟ್ಟಿದ್ದಾರೆ. ಬಸುರಿಗೆ ಮೊದಲೇ ಹೆಸರು ಬರೆದುಕೊಂಡು, ಮಕ್ಕಳು ಬೆಳೆಯುವ ತನಕ ಬೆನ್ನು ಬಿಡದೆ ನೋಡುತ್ತಾರೆ. ನಮ್ಮ ರಾಜ್ಯದಲ್ಲೇ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ, ಹಳ್ಳಿಯ ಬಡವರಿಗೆ ಹಳ್ಳಿಯಲ್ಲೇ, ಅಗ್ಗದ ಗುಳಿಗೆಗಳಿಂದ ಮೂರ್ಛೆ ಹಿಡಿತಕ್ಕೆ ತರಬಹುದೆಂದು ತೋರಿಸಿಕೊಟ್ಟರು. ನಿಮ್ಹಾನ್ಸಿನವರು ಬೆಂಗಳೂರು ಸೀಮೆಯಲ್ಲಿ ಮನೆ ಮನೆ ತಿರುಗಿ ಎಣಿಸಿದಾಗ ಪಟ್ಟಣದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ ಸಾವಿರಕ್ಕೆ 11.9 ಮಂದಿಗೆ ಮೂರ್ಛೆ ಇತ್ತು. ಹಳ್ಳಿಯಲ್ಲಿ ಇಮ್ಮಡಿ! ಆ ಲೆಕ್ಕ ನಮಗೂ ಹೊಂದಿದರೆ ಐದು ಸಾವಿರ ಜನರ ಊರಲ್ಲಿ ಅರವತ್ತು ಮಂದಿ. ಹುಟ್ಟುವಾಗ ಉಸಿರುಕಟ್ಟಿದ ಕೂಸು ಮುಂದೆ ಮೂರ್ಛೆಯ ಹುಡುಗಿಯಾಗಬಹುದು, ಆ ಹುಡುಗಿ ನಾಳೆ ಬಸುರಿ. ಹೆರಿಗೆ ಕೆಟ್ಟಷ್ಟೂ ಈ ಸರಪಳಿ ಉದ್ದವಾಗುತ್ತದೆ.

ಬ್ಯಾನಿ ಹಳ್ಳಿಯಲ್ಲಿ, ಡಾಕ್ಟರು ಪಟ್ಟಣದಲ್ಲಿ. ತಿಕೋಟಾ, ಬಬಲೇಶ್ವರ ತಾಲೂಕುಗಳೆಂದು ಬೋರ್ಡು ಬಿದ್ದು ವರ್ಷಗಳಾದವು, ಆದರೆ ಫಿಟ್ಸ್ ತೋರಿಸಲು ವಿಜಯಪುರವೇ ಗತಿ. ವಿಜಯಪುರದಲ್ಲಿ ಮೆಡಿಕಲ್ ಕಾಲೇಜು ಇಲ್ಲವೇ ಎಂದರೆ ಇವೆ, ಒಂದು 1984ರದ್ದು, ಇನ್ನೊಂದು 1986ರದ್ದು. ಎರಡೂ ಖಾಸಗಿ. ದುಡ್ಡಿದ್ದವರು ಸೊಲ್ಲಾಪುರ, ಮೀರಜ್ ಎಂದು ಓಡುತ್ತಾರೆ. ಇಲ್ಲದವರು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ನಿಮ್ಹಾನ್ಸಿಗೆ. ತುಂಬು ಬಸುರಿ, ರಾತ್ರಿಯಿಡೀ ನಿದ್ದೆಯಿಲ್ಲದ ಪ್ರಯಾಣ, ಅದೂ ಫಿಟ್ಸ್ ತೋರಿಸಲಿಕ್ಕೆ! 2025ರಲ್ಲಿ ಈ ಊರಿನ ಜನ ಸರ್ಕಾರಿ ಮೆಡಿಕಲ್ ಕಾಲೇಜೇ ಬೇಕು, ಖಾಸಗಿ ಪಾಲುದಾರಿಕೆ ಬ್ಯಾಡ ಎಂದು ಧರಣಿ ಕೂತದ್ದು ಬರೀ ಡಾಕ್ಟರಿ ಸೀಟಿಗಲ್ಲ, ಇಂಥ ಬಸುರಿಗೂ. ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆ ಮಿದುಳು ಆರೋಗ್ಯದ ಯೋಜನೆ ಹೂಡಿದಾಗಲೂ ಮೊದಲ ಹೆಜ್ಜೆ ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಗೇ. ನಮ್ಮ ಜಿಲ್ಲೆಗಳ ಸರದಿ ಯಾವಾಗಲೂ ಆಮೇಲೆಯೇ.

1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಾಬಾಸಾಹೇಬರು ಎದ್ದು ನಿಂತು ಬೆಂಬಲಿಸಿದರು. ಬಸುರಿಗೆ ವಿಶ್ರಾಂತಿ ಕೊಡುವುದು ದೇಶದ ಹಿತ, ಅದರ ಖರ್ಚಿನ ದೊಡ್ಡ ಹೊಣೆ ಸರ್ಕಾರದ್ದು, ದುಡಿಸಿಕೊಳ್ಳುವ ಮಾಲೀಕನೂ ಹೊರಬೇಕು ಎಂಬುದು ಅವರ ವಾದ. ಆಗ ಬಿಜಾಪುರ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಮರುವರ್ಷ ಬಂದ ಆ ಕಾಯ್ದೆ ಕಾರ್ಖಾನೆಯ ಹೆಂಗಸರಿಗೆ ಮಾತ್ರ ಮುಟ್ಟಿತು. ಸುಮಾರು ನೂರು ವರ್ಷವಾಯಿತು, ದ್ರಾಕ್ಷಿ ಪಡದ ಕೂಲಿಯವಳಿಗೆ ಸಂಬಳದ ರಜೆ ಇನ್ನೂ ಬಂದು ಮುಟ್ಟಿಲ್ಲ.

ಜನ ದವಾಖಾನೆಗೇ ಬರುವುದಿಲ್ಲ ಎಂಬ ಹಳೆಯ ನೆಪ ಇನ್ನು ನಡೆಯುವುದಿಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಹೆಣ್ಣುಮಕ್ಕಳು ಬಂದಿದ್ದಾರೆ, ನಿಮ್ಮ ಮುಂದೆ ನಿಂತಿದ್ದಾರೆ. ಕೇಳದವರು ನೀವು. ಪ್ರತಿ ತಿಂಗಳು 9ನೇ ತಾರೀಖು ಬಸುರಿಯರ ತಪಾಸಣೆ ಎಂದು 2016ರಿಂದ ನಡೆಸುತ್ತಿದ್ದೀರಿ. ಬಸುರಿಗೂ ನವಜಾತ ಕೂಸಿಗೂ ಔಷಧ ಪುಕ್ಕಟೆ ಎಂದು 2011ರಲ್ಲೇ ಜನನಿ-ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಬರೆದಿದ್ದೀರಿ. ಲೆವೆಟಿರಾಸೆಟಮ್ 2022ರ ರಾಷ್ಟ್ರೀಯ ಅವಶ್ಯಕ ಔಷಧ ಪಟ್ಟಿಯಲ್ಲೇ ಇದೆ.

ಅದಕ್ಕೆ ತಿಕೋಟಾ, ಬಬಲೇಶ್ವರದ ಗೆಳೆಯರಿಗೆ, ಆಶಾ ಅಕ್ಕಂದಿರಿಗೆ ಒಂದು ಕೆಲಸ. ಬರುವ 9ಕ್ಕೆ ಗುಂಪಾಗಿ ಸರ್ಕಾರಿ ದವಾಖಾನೆಗೆ ಹೋಗ್ರಿ. ಹೊಸದಾಗಿ ಲಗ್ನ ಆದ ಹುಡುಗ್ಯಾರನ್ನೂ ಕರಕೊಂಡು ಹೋಗ್ರಿ, ಅತ್ತಿಯನ್ನ ಹೊರಗ ಕುಂದ್ರಸ್ರಿ, ಒಳಗ ನಿಂತು ಕೇಳ್ರಿ: ಸಾಹೇಬ್ರ, 5 ಮಿಲಿಗ್ರಾಂ ಫೋಲಿಕ್ ಗುಳಿಗಿ ಐತೇನ್ರಿ? ಲೆವೆಟಿರಾಸೆಟಮ್ ಐತೇನ್ರಿ, ಇಲ್ಲಂದ್ರ ಯಾವಾಗ ಬರತೈತ್ರಿ? ಈ ಹುಡುಗಿ ತಿನ್ನೂದು ವಾಲ್ಪ್ರೋಯೇಟ್ ಹೌದೋ ಅಲ್ಲೋ ನೋಡ್ರಿ, ಹೌದಂದ್ರ ಬಸುರಾಗೂಕ್ಕಿಂತ ಮೊದಲ ಬದಲಿ ಮಾಡೂದು ಯಾರು, ನೀವೋ, ಜಿಲ್ಲಾ ಆಸ್ಪತ್ರಿಯವರೋ? ತಾಯಿ ಕಾರ್ಡಿನ ಮ್ಯಾಲ ಕೆಂಪು ಶಾಯಿಲೆ ಮೂರ್ಛೆ ಅಂತ, ಗುಳಿಗಿ ಹೆಸರು, ಎಷ್ಟು ಅಂತ, ಈಗ, ನಮ್ಮ ಮುಂದ ಬರೀತೀರೋ ಇಲ್ಲೋ?